ಶ್ವಾಸಕೋಶದ ಅರ್ಬುದ ಮತ್ತು ಚಿಕಿತ್ಸಾಪ್ರಯೋಗ

ಶ್ವಾಸಕೋಶದ ಅರ್ಬುದಕ್ಕೆ ತುತ್ತಾದವರ ಮುಂದೆ ವೈದ್ಯರು ‘ಪ್ರಯೋಗ’ವೆಂಬ ಮಾತನ್ನೆತ್ತಿದೊಡನೆ ಮನೆಮಂದಿಯ ಮನಸ್ಸಿನಲ್ಲಿ ಎರಡು ಭಾವಗಳು ತಲೆದೋರುವುದುಂಟು. ತಮ್ಮವರನ್ನು ಬಲಿಪಶುವಾಗಿ ಮಾಡುತ್ತಿರುವರೆಂಬ ಭಯವೊಂದು. ಸಂಜೀವಿನಿಯೇ ದೊರೆಯಿತೆಂಬ ಆಸೆ ಇನ್ನೊಂದು. ಇವೆರಡೂ ವಿಷಯದ ಸ್ವರೂಪವನ್ನರಿಯದೆ ಹುಟ್ಟಿದವುಗಳೇ.

ಚಿಕಿತ್ಸಾಪ್ರಯೋಗವೆಂದರೆ ಒಂದು ಪ್ರಶ್ನೆಗೆ ಕ್ರಮವರಿತು ಉತ್ತರವನ್ನರಸುವ ವಿಧಾನ. ಮೊದಲನೆಯ ಹಂತದಲ್ಲಿ ಔಷಧದ ಸುರಕ್ಷಿತ ಪ್ರಮಾಣವನ್ನೂ ಎರಡನೆಯದರಲ್ಲಿ ಅದರ ಗುಣವನ್ನೂ ಪರೀಕ್ಷಿಸುತ್ತಾರೆ. ಮೂರನೆಯದರಲ್ಲಿ ಹೊಸ ಚಿಕಿತ್ಸೆಯನ್ನು ರೂಢಿಯ ಚಿಕಿತ್ಸೆಯೊಡನೆ ಹೋಲಿಸುತ್ತಾರೆ. ಯಾರಿಗೆ ಯಾವುದೆಂಬುದು ಚೀಟಿಯೆತ್ತಿದಂತೆ ನಿರ್ಧಾರವಾಗುವುದರಿಂದ ವೈದ್ಯರ ಒಲವಿಗೆ ಅಲ್ಲಿ ಎಡೆಯಿಲ್ಲ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಉತ್ತಮ ನಿದರ್ಶನ. ಇಜಿಎಫ್‌ಆರ್ ಎಂಬ ಜೀನಿನಲ್ಲಿ ವ್ಯತ್ಯಯವುಳ್ಳ, ರೋಗ ಬಲಿತ 350 ಮಂದಿ ಅದರಲ್ಲಿ ಸೇರಿದ್ದರು. ಒಂದು ಪಂಗಡಕ್ಕೆ ಜೆಫಿಟಿನಿಬ್ ಗುಳಿಗೆಯನ್ನು ಮಾತ್ರ ಕೊಡಲಾಯಿತು. ಇನ್ನೊಂದಕ್ಕೆ ಅದರೊಡನೆ ಪೆಮೆಟ್ರೆಕ್ಸೆಡ್, ಕಾರ್ಬೋಪ್ಲಾಟಿನ್ ಔಷಧಗಳನ್ನೂ ಕೊಡಲಾಯಿತು. ರೋಗವು ಮುಂದುವರಿಯದೆ ನಿಂತ ಮಧ್ಯಮಾವಧಿ ಮೊದಲ ಪಂಗಡದಲ್ಲಿ 8 ತಿಂಗಳು, ಎರಡನೆಯದರಲ್ಲಿ 16 ತಿಂಗಳು. ಆದರೆ ಗಣನೀಯವಾದ ತೀವ್ರ ದುಷ್ಪರಿಣಾಮಗಳು ಮೊದಲನೆಯದರಲ್ಲಿ ಸುಮಾರು ಕಾಲುಭಾಗದವರಿಗೆ ಉಂಟಾದರೆ, ಎರಡನೆಯದರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಉಂಟಾದವು. ಲಾಭವೂ ಅದರ ಬೆಲೆಯೂ ಒಟ್ಟಿಗೇ ತಿಳಿದುಬಂದುದು ಇಲ್ಲಿಯ ವಿಶೇಷ.

ಜೀನಿನ ಆ ವ್ಯತ್ಯಯವಿಲ್ಲದವರಿಗೆ ಈ ಪ್ರಯೋಗದಲ್ಲಿ ಸ್ಥಾನವಿರಲಿಲ್ಲ. ಆದಕಾರಣ ಪ್ರಯೋಗವನ್ನು ಹುಡುಕಹೊರಡುವ ಮುನ್ನ ಅರ್ಬುದದ ಜಾತಿ, ಅದರ ಹಂತ, ಜೀನ್‌ಪರೀಕ್ಷೆಯ ಫಲಿತಾಂಶ, ಈವರೆಗೆ ಪಡೆದ ಚಿಕಿತ್ಸೆ ಈ ನಾಲ್ಕರ ಕಾಗದಪತ್ರಗಳೂ ಕೈಯಲ್ಲಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2007ರಲ್ಲಿ ಆರಂಭಿಸಿದ ಚಿಕಿತ್ಸಾಪ್ರಯೋಗಗಳ ದಾಖಲೆಪಟ್ಟಿ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಪ್ರಯೋಗ ನಡೆಯುವ ಆಸ್ಪತ್ರೆ, ಸೇರಲು ಬೇಕಾದ ಅರ್ಹತೆ, ರೋಗಿಗಳನ್ನು ಇನ್ನೂ ಸೇರಿಸಿಕೊಳ್ಳುತ್ತಿರುವರೇ ಎಂಬ ವಿವರಗಳನ್ನು ಅಲ್ಲಿ ನೋಡಬಹುದು. ಪಟ್ಟಿಯ ಬರಹವನ್ನು ರೋಗಿಯ ವೈದ್ಯರೊಡನೆ ಕುಳಿತು ಓದುವುದು ಲೇಸು.

ನೀತಿಸಮಿತಿಯ ಒಪ್ಪಿಗೆಯಿಲ್ಲದೆ ಪ್ರಯೋಗವನ್ನು ಆರಂಭಿಸುವಂತಿಲ್ಲ. ಹೊಸ ಔಷಧದ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ 2019ರ ನಿಯಮಗಳು ವಿಧಿಸಿವೆ. ಸೇರಿದ ಮೇಲೆಯೂ ಯಾವಾಗ ಬೇಕಾದರೂ ಹೊರಬರುವ ಹಕ್ಕು ರೋಗಿಗಿದೆ. ಅದರಿಂದ ರೂಢಿಯ ಚಿಕಿತ್ಸೆಗೆ ಕುಂದುಂಟಾಗಕೂಡದು.

ಒಪ್ಪಿಗೆಯ ಪತ್ರವು ರೋಗಿಗೆ ತಿಳಿಯುವ ಭಾಷೆಯಲ್ಲಿರತಕ್ಕದ್ದೆಂಬುದು ಇವೆಲ್ಲಕ್ಕೂ ಬುಡವಾದ ನಿಯಮ. ಹೊರನಾಡಿನ ಆಸ್ಪತ್ರೆಯಲ್ಲಿ ಕನ್ನಡವೊಂದನ್ನೇ ಬಲ್ಲ ವೃದ್ಧೆಯ ಕೈಗೆ ಮರಾಠಿಯ ಇಲ್ಲವೆ ತಮಿಳಿನ ಪತ್ರ ಬಂದಾಗ, ಮಗನು ‘ರುಜು ಹಾಕಮ್ಮಾ’ ಎಂದು ಅವಸರಪಡಿಸುವುದಕ್ಕಿಂತ ಕನ್ನಡದ ಪ್ರತಿಯನ್ನು ಕೇಳುವುದು ಯುಕ್ತ. ತಿಳಿಯದೆ ಹಾಕಿದ ರುಜು ಒಪ್ಪಿಗೆಯೆನಿಸದು.