ನಿಮಗಿದು ಗೊತ್ತೆ? ಬಿಳಿಸೆರಗೆಲ್ಲವೂ ವ್ಯಾಧಿಯಲ್ಲ

ಆಳಂದ, ಅಫಜಲಪುರ, ಜೇವರ್ಗಿಯ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಹೆತ್ತ ತಾಯಿಯ ಮುಂದೆಯೂ ಹೇಳಲಳುಕಿ, ಮೈಯ ಉಷ್ಣವೆಂದೋ ಬಲಕ್ಷಯವೆಂದೋ ಒಳಗೊಳಗೇ ಕೊರಗುವ ಬಿಳಿಸೆರಗು, ತಿಳಿಯಾಗಿಯೋ ಹಾಲುಬಣ್ಣವಾಗಿಯೋ ದುರ್ಗಂಧವಿಲ್ಲದೆ ಇರುವವರೆಗೆ, ದೇಹವು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವ ಸಹಜ ಕ್ರಿಯೆಯಷ್ಟೆ. ಎರಡು ಮುಟ್ಟುಗಳ ನಡುವಿನ ದಿನಗಳಲ್ಲಿ ಅದು ಮೊಟ್ಟೆಯ ಬಿಳಿಯ ಲೋಳೆಯಂತೆ ಎಳೆಯೆಳೆಯಾಗುವುದು ಅಂಡೋತ್ಪತ್ತಿಯ ಲಕ್ಷಣ. ಗರ್ಭಿಣಿಯರಲ್ಲಿ ಅದರ ಪ್ರಮಾಣ ಹೆಚ್ಚುವುದೂ ಸ್ವಾಭಾವಿಕವೇ.

ಹಾಲನ್ನು ಮೊಸರಾಗಿಸುವ ಸೂಕ್ಷ್ಮಾಣುಗಳ ಬಂಧುಗಳಾದ ಲ್ಯಾಕ್ಟೋಬ್ಯಾಸಿಲಸ್‌ಗಳು ಯೋನಿಯಲ್ಲಿ ನೆಲಸಿ, ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸಿ, ಅಲ್ಲಿಯ ಪಿಎಚ್ ಅನ್ನು ಸಾಮಾನ್ಯವಾಗಿ 3.8ರಿಂದ 4.5ರೊಳಗಿರಿಸಿ ರೋಗಾಣುಗಳನ್ನು ತಡೆಯುವುವು. ಇವನ್ನು 1892ರಲ್ಲಿ ವಿವರಿಸಿದವನು ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್. ಒಳಭಾಗವನ್ನು ಸಾಬೂನಿನಿಂದ ತೊಳೆಯುವವರು (ಶುಚಿತ್ವದ ಹೆಸರಿನಲ್ಲಿ!) ಈ ಕಾವಲನ್ನೇ ಕೆಡಿಸಿಕೊಳ್ಳುತ್ತಾರೆ.

ಆದರೆ ಸ್ರಾವವು ಒಡೆದ ಮೊಸರಿನಂತೆ ಗಟ್ಟಿಯಾಗಿ ತುರಿಕೆಯನ್ನು ತಂದರೆ, ಮೀನಿನ ವಾಸನೆಯಿಂದ ಕೂಡಿದ್ದರೆ, ಹಳದಿ-ಹಸಿರಿಗೆ ತಿರುಗಿದರೆ, ಕಿಬ್ಬೊಟ್ಟೆಯ ನೋವು, ಜ್ವರ, ಉರಿಮೂತ್ರಗಳು ಜೊತೆಗೂಡಿದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣತಕ್ಕದ್ದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತದ ಒಂದು ಹನಿ ಕಂಡರೂ ತಡಮಾಡಲಾಗದು.