ನಿಮಗಿದು ಗೊತ್ತೆ? ಹಳಿಯ ಮೇಲಿನ ಚಾರಣ

ಸಕಲೇಶಪುರದ ದೋಣಿಗಲ್‌ನಿಂದ ಎಡಕುಮೇರಿವರೆಗೆ ಕೆಂಪುಹೊಳೆ ಕಣಿವೆಯಲ್ಲಿ ಸಾಗುವ ರೈಲು ಹಳಿಯ ಗುಂಟ ನಡೆಯುವುದು ಒಂದು ಕಾಲಕ್ಕೆ ಚಾರಣಿಗರ ದೊಡ್ಡ ಆಸೆಯಾಗಿತ್ತು. ಸುಮಾರು 18 ಕಿ.ಮೀ. ದೂರ. ಒಂದೇ ದಿನದಲ್ಲಿ ಮುಗಿಸಲು ಹೊರಟವರನ್ನು ದಣಿಸುತ್ತಿದ್ದುದು ದೂರವಲ್ಲ, ಕಾಲಡಿ ಜಾರುವ ಜಲ್ಲಿಕಲ್ಲು, ಕಗ್ಗತ್ತಲ ಸುರಂಗ ಮತ್ತು ಕೆಳಗೆ ಪ್ರಪಾತ ಕಾಣುವ ಸೇತುವೆ.

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ. ಪ್ರತಿ 50 ಮೀಟರಿಗೆ 1 ಮೀಟರ್ ಇಳಿಜಾರು. 1979ರ ಮೀಟರ್‌ಗೇಜ್ ಹಳಿ ಬ್ರಾಡ್‌ಗೇಜ್ ಆಗಿ, 2007ರಲ್ಲಿ ಪ್ರಯಾಣಿಕರ ರೈಲು ಮರಳಿತು. ಕಿರಿದಾದ ಸುರಂಗದೊಳಗೆ ಎದುರಿಗೆ ರೈಲು ಬಂದರೆ ಓಡಲು ಜಾಗವೆಲ್ಲಿ? ಈ ಚಾರಣ ಈಗ ನಿಷಿದ್ಧ. ರೈಲ್ವೆ ಕಾಯ್ದೆ 1989ರ 147ನೇ ಕಲಮಿನಡಿ ಅತಿಕ್ರಮ ಪ್ರವೇಶಕ್ಕೆ 6 ತಿಂಗಳವರೆಗೆ ಜೈಲು. ಅದೇ ಕಣಿವೆಯನ್ನು 2021ರಿಂದ ಯಶವಂತಪುರ–ಮಂಗಳೂರು ರೈಲಿನ ವಿಸ್ಟಾಡೋಮ್ ಬೋಗಿಯ ಗಾಜಿನಿಂದ ಕಣ್ತುಂಬ ನೋಡಬಹುದು.