ಗೊಟ್ಟಿಂಗೆನ್‌ನ ವಿದ್ಯಾಜೀವನ

ಒಂದು ಜನಾಂಗದ ಭಾಷೆಯನ್ನು ಅರಿಯುವುದೆಂದರೆ ಆ ಜನಾಂಗದ ಬಾಳನ್ನೇ ಅರಿಯುವುದು. ಈ ಮಾತನ್ನು ಕಾರ್ಯತಃ ತೋರಿಸಿಕೊಟ್ಟ ವಿದ್ಯಾಕೇಂದ್ರಗಳಲ್ಲಿ ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾನಿಲಯವೂ ಒಂದು. 1737ರಲ್ಲಿ ಉದ್ಘಾಟನೆಗೊಂಡ ಈ ವಿದ್ಯಾಪೀಠದಲ್ಲಿ ಜರ್ಮನ್ ಭಾಷೆ ಮತ್ತು ಸಾಹಿತ್ಯಗಳ ಉನ್ನತ ವ್ಯಾಸಂಗ ಇಂದಿಗೂ ನಡೆಯುತ್ತಿದೆ.

ಈ ವ್ಯಾಸಂಗದ ಜೀವಾಳ 'ಸೆಮಿನಾರ್'. ಗುರು ಹೇಳಿದುದನ್ನು ಶಿಷ್ಯರು ಬರೆದುಕೊಳ್ಳುವ ತರಗತಿ ಇದಲ್ಲ. ವಿದ್ಯಾರ್ಥಿಗಳು ಗುರುವಿನೊಡನೆ ಕುಳಿತು ಒಂದು ಕೃತಿಯನ್ನು ಸಾಲುಸಾಲಾಗಿ ಪರಿಶೀಲಿಸುತ್ತಾರೆ. ಒಬ್ಬರು ಪ್ರಬಂಧವನ್ನು ಮಂಡಿಸಿದರೆ ಉಳಿದವರು ಅದಕ್ಕೆ ಆಧಾರವೇನೆಂದು ಕೇಳುತ್ತಾರೆ. ಆಧಾರವಿಲ್ಲದ ಮಾತಿಗೆ, ಅದು ಗುರುವಿನದೇ ಆಗಿದ್ದರೂ, ಅಲ್ಲಿ ಬೆಲೆಯಿಲ್ಲ. ಮಧ್ಯಯುಗದ ಕಾವ್ಯವನ್ನು ಅಭ್ಯಸಿಸುವವರು ಅಂದಿನ ಜರ್ಮನ್ ಭಾಷೆಯನ್ನೂ ಹಸ್ತಪ್ರತಿಗಳ ಲಿಪಿಯನ್ನೂ ಕಲಿಯಬೇಕು.

ಸಂಶೋಧನೆಗೆ ಮಾರ್ಗದರ್ಶನ ಮಾಡುವ ಗುರುವನ್ನು ಜರ್ಮನರು 'ಡಾಕ್ಟರ್ ಪದವಿಯ ತಂದೆ' ಎಂದು ಕರೆಯುತ್ತಾರೆ. ಗುರು ಸ್ತ್ರೀಯಾಗಿದ್ದರೆ 'ತಾಯಿ'. ಮಹಾಪ್ರಬಂಧವನ್ನು ಬರೆದು ಪರೀಕ್ಷಕರ ಮುಂದೆ ಸಮರ್ಥಿಸಿದರಷ್ಟೇ ಸಾಲದು. ಅದನ್ನು ಪ್ರಕಟಿಸಲೂ ಬೇಕು. ಪದವಿ ಗಳಿಸಿದವರನ್ನು ಗೆಳೆಯರು ಅಲಂಕರಿಸಿದ ಕೈಬಂಡಿಯಲ್ಲಿ ಕುಳ್ಳಿರಿಸಿ ಪುರಭವನದ ಮುಂದಿನ ಕಾರಂಜಿಗೆ ಎಳೆದೊಯ್ಯುತ್ತಾರೆ. ಅಲ್ಲಿ ಹೆಬ್ಬಾತು ಕಾಯುವ ಬಾಲಿಕೆಯ ಪ್ರತಿಮೆಯಿದೆ. ಹೊಸ ಪದವೀಧರರು ಕಾರಂಜಿಯನ್ನೇರಿ ಆಕೆಗೆ ಹೂವನ್ನರ್ಪಿಸಿ ಮುತ್ತಿಡುವುದು ವಾಡಿಕೆ. ವರ್ಷಗಳ ಶ್ರಮ ಆ ಕ್ಷಣದಲ್ಲಿ ನಗೆಯಾಗಿ ಅರಳುತ್ತದೆ.

ಆದರೆ ವಿದ್ಯೆಯ ಹಾದಿ ಸದಾ ಹೂವಿನ ಹಾದಿಯಾಗಿರಲಿಲ್ಲ. ಜಾನಪದ ಕಥೆಗಳ ಸಂಗ್ರಹದಿಂದ ಪ್ರಸಿದ್ಧರಾದ ಯಾಕೊಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ಸಹೋದರರು ಇಲ್ಲಿ ಪ್ರಾಧ್ಯಾಪಕರಾಗಿದ್ದರು. 1837ರಲ್ಲಿ ಹ್ಯಾನೋವರಿನ ದೊರೆ ಎರ್ನ್‌ಸ್ಟ್ ಆಗಸ್ಟ್ ರಾಜ್ಯದ ಸಂವಿಧಾನವನ್ನು ರದ್ದುಪಡಿಸಿದನು. ತಾವು ಮಾಡಿದ ಪ್ರತಿಜ್ಞೆಯನ್ನು ಮುರಿಯಲೊಲ್ಲದೆ ಏಳು ಮಂದಿ ಪ್ರಾಧ್ಯಾಪಕರು ಪ್ರತಿಭಟಿಸಿದರು. ಏಳು ಮಂದಿಯೂ ಹುದ್ದೆ ಕಳೆದುಕೊಂಡರು. ಗ್ರಿಮ್ ಸಹೋದರರಿಬ್ಬರೂ ಅವರಲ್ಲಿದ್ದರು. ಯಾಕೊಬನು ಮೂರು ದಿನಗಳಲ್ಲಿ ನಾಡನ್ನೇ ತೊರೆಯಬೇಕಾಯಿತು.

ಇದೇ ಊರಿನಲ್ಲಿ 1933ರ ಮೇ 10ರಂದು, ನಾಟ್ಸಿಗಳ ಆಳ್ವಿಕೆಯಲ್ಲಿ, ವಿದ್ಯಾರ್ಥಿಗಳು ಗ್ರಂಥಗಳನ್ನು ಸುಟ್ಟರು. ಅಂದು ಅವರನ್ನು ಹುರಿದುಂಬಿಸಿ ಭಾಷಣ ಮಾಡಿದವನು ಜರ್ಮನ್ ಸಾಹಿತ್ಯದ ಅಧ್ಯಾಪಕನೇ. ಪಾಂಡಿತ್ಯವೊಂದೇ ಮನುಷ್ಯನನ್ನು ಕಾಯಲಾರದು; ಅದಕ್ಕೆ ವಿವೇಕದ ಬೆಂಬಲ ಬೇಕೆಂಬುದಕ್ಕೆ ಈ ಎರಡು ಘಟನೆಗಳೇ ಸಾಕ್ಷಿ.

ಹುದ್ದೆ ಹೋದರೂ ಗ್ರಿಮ್ ಸಹೋದರರ ಕಾರ್ಯ ನಿಲ್ಲಲಿಲ್ಲ. 1838ರಲ್ಲಿ ಅವರು ಜರ್ಮನ್ ಭಾಷೆಯ ಮಹಾನಿಘಂಟನ್ನು ಕೈಗೆತ್ತಿಕೊಂಡರು. ಮೊದಲ ಸಂಪುಟ 1854ರಲ್ಲಿ ಹೊರಬಂದಿತು. 1859ರಲ್ಲಿ ವಿಲ್ಹೆಲ್ಮ್ ತೀರಿಕೊಂಡನು. 1863ರಲ್ಲಿ ಯಾಕೊಬನು ಕಣ್ಮುಚ್ಚಿದಾಗ ಅವನ ಲೇಖನಿ 'ಫಲ' ಎಂಬರ್ಥದ ಪದದ ಬಳಿ ನಿಂತಿತ್ತು. ಆ ಫಲವನ್ನು ಪೂರ್ಣಗೊಳಿಸಿದವರು ಮುಂದಿನ ತಲೆಮಾರುಗಳ ವಿದ್ವಾಂಸರು. ದೇಶ ಇಬ್ಭಾಗವಾಗಿದ್ದಾಗಲೂ ಪೂರ್ವ ಬರ್ಲಿನ್ ಮತ್ತು ಗೊಟ್ಟಿಂಗೆನ್‌ಗಳ ಪಂಡಿತರು ಜೊತೆಗೂಡಿ ದುಡಿದು 1961ರಲ್ಲಿ ನಿಘಂಟನ್ನು ಮುಗಿಸಿದರು. ಹಿಡಿದ ಕಾಲ 123 ವರ್ಷ!

ಜರ್ಮನರ ಈ ಪದನಿಷ್ಠೆಯ ಫಲ ಕನ್ನಡಕ್ಕೂ ದೊರೆತಿದೆ. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ತಾನು ನೆಟ್ಟ ಗಿಡದ ಹಣ್ಣನ್ನು ತಾನೇ ತಿನ್ನಬೇಕೆಂಬ ಹಂಬಲ ನಿಜವಾದ ವಿದ್ಯಾರ್ಥಿಗಿರುವುದಿಲ್ಲ. ಹಿಂದಿನವರು ನಿಲ್ಲಿಸಿದೆಡೆಯಿಂದ ಮುಂದುವರಿಸಿ, ಮುಂದಿನವರಿಗೆ ಒಪ್ಪಿಸುವುದೇ ವಿದ್ಯೆಯ ಧರ್ಮ.